ಸಣ್ಣ ತೂತಿನ ಜೆಟ್ಟು

ಅಂದು ಸುಮಂಗಲಾಳ ಕಾಲು ನೆಲದ ಮೇಲೆ ನಿಂತಿರಲಿಲ್ಲ. ನಿಲ್ಲುವುದಾದರೂ ಹೇಗೆ? ಪುಣೆಯ ಆ ಕಾರ್ಟ್ ರೇಸಿನಲ್ಲಿ, ಅಂದರೆ ಒಬ್ಬರೇ ಕೂರುವ ಪುಟ್ಟ ಕಾರುಗಳ ಓಟದಲ್ಲಿ, ಹದಿನಾಲ್ಕು ತಂಡಗಳ ನಡುವೆ, ಬೆಳಗಿನ ಸುತ್ತಿನಲ್ಲಿ ಎಲ್ಲರನ್ನೂ ಹಿಂದೆ ಹಾಕಿದ್ದು ಅವಳು ಟ್ಯೂನ್ ಮಾಡಿದ ಎಂಜಿನ್. ಓಡಿಸಿದವಳು ಮೈದುನ ದೇವಾನಂದನ ಮಗಳು ನೀಲಿಮಾ.

ಕಾರ್ಟು ದೇವಾನಂದನದು. ಹಿಂದಿನ ರೇಸಿನಲ್ಲಿ ಪಿಸ್ಟನ್ ಸುಟ್ಟು ಎಂಜಿನ್ ಬಿಗಿದು ನಿಂತಾಗಲೇ ಅವನು ಹೇಳಿಬಿಟ್ಟಿದ್ದ: ಇನ್ನೊಮ್ಮೆ ಹೀಗಾದರೆ ವೈನಿ, ಅಂದರೆ ಅತ್ತಿಗೆ, ಸ್ಪ್ಯಾನರ್ ಮುಟ್ಟುವಂತಿಲ್ಲ, ಹೊರಗಿನ ಮೆಕ್ಯಾನಿಕ್ ಬರುತ್ತಾನೆ. ಖಡಕಿಯ ಮನೆಯ ಹಿಂದಿನ ಶೆಡ್ಡಿನಲ್ಲಿ ಹತ್ತು ವರ್ಷ ಕೈ ಕಪ್ಪು ಮಾಡಿಕೊಂಡವಳಿಗೆ ಆ ಮಾತು ಎದೆಗೇ ನಾಟಿತ್ತು. ಸ್ಪ್ಯಾನರ್ ಇಲ್ಲದೆ ಸುಮಂಗಲಾ ಏನು ಮಾಡಬೇಕು, ಹಪ್ಪಳ ಒತ್ತಬೇಕೇ?

ಅದಕ್ಕೇ ಅಂದು ಕಿಡಿ ಹಾರುವ ಗಳಿಗೆಯನ್ನು ಕೂದಲೆಳೆಯಷ್ಟು ಮುಂದಕ್ಕೆ ತಂದು, ಕಾರ್ಬುರೇಟರಿಗೆ ಪೆಟ್ರೋಲು ಬಿಡುವ ಸಣ್ಣ ತೂತಿನ ಜೆಟ್ಟು ಹಾಕಿದ್ದಳು. ಬಿಸಿಲಿಗೆ ಗಾಳಿ ತೆಳುವಾಗುತ್ತದೆ, ಪೆಟ್ರೋಲೂ ಕಡಿಮೆ ಸಾಕು. ಹವೆ ತಂಪಾದರೆ ಮಾತ್ರ ದೊಡ್ಡ ತೂತಿನದೇ ಬೇಕು, ಇಲ್ಲದಿದ್ದರೆ ಪಿಸ್ಟನ್ ಒಣಗಿ ಸುಡುತ್ತದೆ.

ಫೈನಲ್‌ಗೆ ಮುಕ್ಕಾಲು ತಾಸು ಇತ್ತು. ಧಾರವಾಡದ ಹೆಣ್ಣುಮಗಳು ಗೆದ್ದ ಹುರುಪಿನಲ್ಲಿ ಸುಮ್ಮನೆ ಕೂರುವುದುಂಟೇ? ಚುರುಮುರಿಗೆ ಉಳ್ಳಾಗಡ್ಡಿ, ಮೆಣಸಿನಕಾಯಿ ಹೆಚ್ಚಿ ಹಾಕಿ ಗಿರ್ಮಿಟ್ ಕಲಸಿದಳು. ಎದುರಾಳಿ ತಂಡದವರಿಗೂ ಮರಾಠಿಯಲ್ಲಿ ಒತ್ತಾಯ ಮಾಡಿ ತಿನ್ನಿಸಿದಳು, ಸಾಕೆಂದವರ ಕೈಗೆ ಇನ್ನೊಂದು ಹಿಡಿ ಸುರಿದಳು. ಆ ಸಡಗರದಲ್ಲಿ ಮೋಡ ಮುಚ್ಚಿದ್ದು, ತಣ್ಣನೆಯ ಗಾಳಿ ಬಿಟ್ಟಿದ್ದು ಅವಳ ಲಕ್ಷ್ಯಕ್ಕೇ ಬರಲಿಲ್ಲ.

ಮೊದಲು ಗೊತ್ತಾದದ್ದು ಕಿವಿಗೆ. ಫೈನಲ್‌ನ ಆರನೇ ಸುತ್ತು, ನೀಲಿಮಾ ಎಲ್ಲರಿಗಿಂತ ಮುಂದೆ, ಎಂಜಿನ್ನಿನ ದನಿ ಮಾತ್ರ ಕೀರಲು. ಸುಮಂಗಲಾಳ ಜೀವ ಬಾಯಿಗೆ ಬಂತು. ಅಯ್ಯೋ ಶಿವನೇ, ಜೆಟ್ಟು ಬದಲಿಸಿಯೇ ಇಲ್ಲ!

ಉಳಿದದ್ದು ಒಂದೇ ದಾರಿ. ಎಂಜಿನ್ ಗಾಳಿ ಸೇದುವ ಬಾಯಿಯನ್ನು ನೀಲಿಮಾ ಅಂಗೈಯಿಂದ ಅರೆಗಳಿಗೆ ಮುಚ್ಚಬೇಕು. ಆಗ ಗಾಳಿ ತಗ್ಗಿ, ಎಣ್ಣೆ ಬೆರೆತ ಪೆಟ್ರೋಲು ಹೆಚ್ಚು ಒಳಗೆ ಹೋಗಿ ಪಿಸ್ಟನ್ ತಣಿಯುತ್ತದೆ. ಆದರೆ ಆ ಗದ್ದಲದಲ್ಲಿ ಹೇಳುವುದು ಹೇಗೆ? ಸುಮಂಗಲಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೇಲಿಗೆ ಓಡಿದಳು. ಅಂಗೈಯಿಂದ ತನ್ನ ಬಾಯಿ ಮುಚ್ಚಿ ತೆಗೆದು, ಮುಚ್ಚಿ ತೆಗೆದು ತೋರಿಸತೊಡಗಿದಳು. ಹೆದರಿಕೆಗೆ ದನಿಯೂ ಹೊರಟಿತು, ಲಬೋ ಲಬೋ ಎಂದು.

ನೋಡಿದವರಿಗೆ ಅದು ಹೋಳಿ ಹುಣ್ಣಿಮೆಯ ಬೊಬ್ಬೆ. ಗಿರ್ಮಿಟ್ ತಿಂದ ಮೆಕ್ಯಾನಿಕ್‌ಗಳು, ಬಾವುಟ ಹಿಡಿದವರು, ಎಲ್ಲರೂ ಖುಷಿಯಿಂದ ಬಾಯಿ ಬಡಿದುಕೊಂಡರು. ಬೇಲಿಯುದ್ದಕ್ಕೂ ಲಬೋ ಲಬೋ. ನೀಲಿಮಾ ಒಂದು ಸುತ್ತು ಕಕ್ಕಾಬಿಕ್ಕಿಯಾದಳು. ಮರುಸುತ್ತಿಗೆ ದೊಡ್ಡವ್ವನ ಇಶಾರೆ ತಿಳಿದು ಅವಳ ಅಂಗೈ ಗಾಳಿಬಾಯಿಯ ಮೇಲೆ ಹೋಯಿತು, ಎಂಜಿನ್ನಿನ ದನಿ ಇಳಿಯಿತು. ಹಾಗೆ ಮುಚ್ಚುತ್ತ ಮುಚ್ಚುತ್ತ ಇಬ್ಬರನ್ನು ಮುಂದೆ ಬಿಟ್ಟು, ಮೂರನೆಯವಳಾಗಿ ಗೆರೆ ದಾಟಿದಳು.

ದೇವಾನಂದ ಮೂರನೇ ಸ್ಥಾನದ ಕಪ್ಪಿಗೇ ಕುಣಿದ. ಸುಮಂಗಲಾ ಬಾಯಿ ಬಿಡದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಆದರೆ ಹೊಟ್ಟೆಯಲ್ಲಿಟ್ಟುಕೊಳ್ಳುವ ಹೆಂಗಸಲ್ಲ ಅವಳು.

"ತಪ್ಪು ನಂದ. ದೊಡ್ಡ ಜೆಟ್ಟು ಹಾಕೂದು ಮರತೆ," ಎಂದು ಸ್ಪ್ಯಾನರನ್ನು ಅವನ ಕೈಗಿಟ್ಟಳು.

ಅವನು ಎಂಜಿನ್ ಬಿಚ್ಚಿ ನೋಡಿದ. ಪಿಸ್ಟನ್ ಮೇಲೆ ಒಂದು ಗೀರೂ ಇರಲಿಲ್ಲ.

"ಅದು ಕೀರಲು ದನಿ ತಗದಿದ್ದು ನನಗೂ ಕೇಳ್ಸಿತ್ರಿ ವೈನಿ," ಎಂದ. "ಭಾಳ ಚಲೋ ಓಡ್ಲಿಕ್ಕತ್ತದ ಅಂತ ನಾ ಚಪ್ಪಾಳಿ ಹೊಡದೆ."

ಹೇಳಿ, ಸ್ಪ್ಯಾನರನ್ನು ಚಾಚಿದ. ಅವನು ಮನಸ್ಸು ಬದಲಿಸುವ ಮೊದಲೇ ಸುಮಂಗಲಾ ಅದನ್ನು ಕಸಿದುಕೊಂಡಳು.