ನಲ್ಲಿಕಟ್ಟೆಯ ಪಾಚಿ

ಯಶೋದಮ್ಮ ನಲ್ಲಿಕಟ್ಟೆಯಲ್ಲಿ ಬಿದ್ದ ದಿನದಿಂದ ಪಟ್ಟಲಮ್ಮನಿಗೆ ಅನ್ನ ಗಂಟಲಲ್ಲಿ ಇಳಿದಿರಲಿಲ್ಲ. ಹೊಳಲು ಎಂಬ ಊರಿನ ಒಂದೇ ಕೇರಿಗೆ ಸೊಸೆಯರಾಗಿ ಬಂದು, ಒಂದೇ ನಲ್ಲಿಗೆ ಬಿಂದಿಗೆ ಇಟ್ಟು ಮುದುಕಿಯರಾದವರು ಅವರು. ಇಬ್ಬರಿಗೂ ಬಿ.ಪಿ. ಮಂಡ್ಯದ ಒಂದು ಆಸ್ಪತ್ರೆಯವರು ನಡೆಸುತ್ತಿದ್ದ ಅಧ್ಯಯನಕ್ಕೂ ಇಬ್ಬರೂ ಜೊತೆಯಲ್ಲೇ ಸೇರಿದ್ದರು. ಎರಡು ಹಳೆಯ ಮಾತ್ರೆಗಳನ್ನು ಕೂಡಿಸಿ ಒಂದೇ ಮಾತ್ರೆ ಮಾಡಿ, ಅದು ವಯಸ್ಸಾದವರ ಮೈಗೆ ಒಗ್ಗುತ್ತದೆಯೋ ಇಲ್ಲವೋ ಎಂದು ನೋಡುವ ಅಧ್ಯಯನ.

ಅದಕ್ಕಾಗಿ ಊರೂರಿಗೆ ಹೋಗುತ್ತಿದ್ದವಳು ನಾಗಶ್ರೀ. ಅವರ ಕೇರಿಯದೇ ಹುಡುಗಿ. ಕೇರಿಯವರಲ್ಲಿ ನರ್ಸಿಂಗ್ ಓದಿ ಬಿಳಿ ಕೋಟು ತೊಟ್ಟ ಮೊದಲನೆಯವಳು. ಸ್ಟೆತಾಸ್ಕೋಪಿನ ತಣ್ಣನೆಯ ಬಿಲ್ಲೆಯನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿಕೊಂಡೇ ತೋಳಿಗೆ ಇಡುತ್ತಿದ್ದಳು. ಆಮೇಲೆ ಕೇಳುತ್ತಿದ್ದಳು, “ತಲೆ ಸುತ್ತು, ಸುಸ್ತು, ಏನಾರ ಐತಾ ದೊಡ್ಡವ್ವ?”

ಇತ್ತು. ಕೂತು ಎದ್ದರೆ ಪಟ್ಟಲಮ್ಮನ ಕಣ್ಣಿಗೆ ಕತ್ತಲೆ ಕಟ್ಟುತ್ತಿತ್ತು, ಗೋಡೆ ಹಿಡಿದು ನಿಲ್ಲಬೇಕಾಗುತ್ತಿತ್ತು. ಆದರೆ ಮಾತ್ರೆ ಒಗ್ಗಲಿಲ್ಲವೆಂದರೆ ಅಧ್ಯಯನ ನಿಂತೀತು, ಅದು ನಿಂತರೆ ಕೇರಿಯ ಮಗು ನಾಗಶ್ರೀಯ ಕೆಲಸ ಹೋದೀತು ಎಂದು ಅವಳಷ್ಟಕ್ಕೆ ಅವಳೇ ತೀರ್ಮಾನಿಸಿದ್ದಳು.

“ಏನೂ ಇಲ್ಲ ಕಣವ್ವ, ಗುಂಡ್ಕಲ್ಲಿದ್ದಂಗಿವ್ನಿ.”

ತನಗೂ ಹಾಗೇ ಆಗುತ್ತದೆ ಎಂದು ಯಶೋದಮ್ಮ ಅಂದಾಗ ಅವಳ ಬಾಯನ್ನೂ ಮುಚ್ಚಿಸಿದ್ದಳು. “ಸುಮ್ಕಿರಮ್ಮಿ. ನಮ್ ಕೇರಿ ಮಗೀನ ಅನ್ನಕ್ಕೆ ನಾವೇ ಮಣ್ಣಾಕದಾ?”

ಈಗ ಯಶೋದಮ್ಮನ ಸೊಂಟದ ಮೂಳೆ ಮುರಿದಿತ್ತು. ಪಟ್ಟಲಮ್ಮ ಬಸ್ಸು ಹತ್ತಿ ಮಂಡ್ಯದ ಅದೇ ಆಸ್ಪತ್ರೆಗೆ ಬಂದಾಗ ಯಶೋದಮ್ಮನ ಕಾಲಿಗೆ ತೂಕ ಕಟ್ಟಿ ಮಲಗಿಸಿದ್ದರು. ಆಪರೇಷನ್ನಿಗೆ ಇನ್ನೂ ದಿನ ಗೊತ್ತಾಗಿರಲಿಲ್ಲ. ಮಂಚದ ತಲೆಯ ಕಡೆ ಕೂತು, ಸಿಕ್ಕುಗಟ್ಟಿದ ಅವಳ ಕೂದಲನ್ನು ನೋಯದ ಹಾಗೆ ಬಾಚುತ್ತಿದ್ದವಳು ನಾಗಶ್ರೀ.

“ಬಂದ್ಯಾ ಅಕ್ಕ? ಎದ್ದು ಚಾಪೆ ಹಾಸನ ಅಂದ್ರೆ ಕಾಲ್ಗೆ ಕಲ್ಲು ಕಟ್ಬುಟ್ಟವ್ರೆ” ಎಂದಳು ಯಶೋದಮ್ಮ.

“ಬೀದಿ ಸುತ್ತೋ ಹಸೂನ ಕಟ್ಟಾಕ್ದೆ ಬುಟ್ಟಾರಾ” ಎಂದಳು ಪಟ್ಟಲಮ್ಮ.

ನಾಗಶ್ರೀ ನಕ್ಕಳು. ಆಮೇಲೆ, “ದೊಡ್ಡವ್ವ, ಇವ್ರು ಬಿದ್ದಾಗ ನೀನೂ ಜೊತೇಲಿದ್ದೆ ಅಲ್ವಾ. ಹೆಂಗೆ ಬಿದ್ರು? ಡಾಕ್ಟ್ರು ಕೇಳ್ತಾವ್ರೆ” ಎಂದಳು.

“ಯೋಳಿದ್ನಲ್ಲವ್ವ” ಎಂದು ಯಶೋದಮ್ಮನೇ ನಡುವೆ ಬಾಯಿ ಹಾಕಿದಳು. “ಪಾಚಿ ಮ್ಯಾಲೆ ಕಾಲಿಟ್ಟೆ. ಜಾರ್ತು.” ಅಷ್ಟು ಹೇಳಿ ಪಟ್ಟಲಮ್ಮನನ್ನು ನೋಡಿದಳು. ಹೌದು ಅನ್ನು ಎಂದು ಬೇಡುವ ನೋಟ ಅದು.

“ಜಾರಿದ್ದೇ ಆದ್ರೆ ಆಪರೇಷನ್ ಆದ್ಮೇಲೂ ಅದೇ ಮಾತ್ರೆ ಕೊಡ್ತಾರೆ” ಎಂದಳು ನಾಗಶ್ರೀ. “ಅದ್ಕೇ ಕೇಳ್ತಿರೋದು.”

ಹೌದು ಎನ್ನುವುದು ಪಟ್ಟಲಮ್ಮನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಯಶೋದಮ್ಮ ಕೋಲೂರಿಕೊಂಡು ಮೊದಲ ಸಲ ಮಂಚದಿಂದ ಏಳುವುದು, ಎದ್ದ ಕೂಡಲೇ ಕಣ್ಣು ಕತ್ತಲಾಗುವುದು ಅವಳ ಮುಂದೆ ಬಂದು ನಿಂತಿತು.

“ಪಾಚಿ ಇರ್ನಿಲ್ಲ” ಎಂದಳು.

“ಅಕ್ಕ.”

“ಇರ್ನಿಲ್ಲ ಕಣಮ್ಮಿ. ಅವತ್ ಒತ್ತಾರೆ ನಾನೇ ಉಜ್ಜಿ ತೊಳ್ದಿದ್ದೆ.” ನಾಗಶ್ರೀಯ ಕಡೆ ತಿರುಗಿದಳು. “ಬಿಂದ್ಗೆ ಮಡಗಿ ಎದ್ಲು, ಕಣ್ ತೇಲುಸ್ಬುಟ್ಲು, ನಾನು ಕೈ ಕೊಡಾ ಅಷ್ಟ್ರಲ್ಲಿ ಬಿದ್ದೋದ್ಲು. ಮಾತ್ರೆ ತಕ್ಕಂಡಾಗಿಂದ ನಂಗೂ ಅಂಗೇ ಆಯ್ತದೆ. ಇವ್ಳು ಯೋಳ್ತೀನಿ ಅಂದ್ಲು. ಬ್ಯಾಡ ಅಂದೋಳು ನಾನು.”

ನಾಗಶ್ರೀಯ ಕೈ ಕೂದಲಲ್ಲೇ ನಿಂತಿತು. “ಯಾಕೆ ದೊಡ್ಡವ್ವ?”

“ನಿನ್ ಕೆಲ್ಸ ಓಗ್ಬುಟ್ರೆ?”

ಹುಡುಗಿ ಬಾಚಣಿಗೆಯನ್ನು ಮಂಚದ ಮೇಲೆ ಇಟ್ಟಳು. “ನೀವು ಹೇಳಿದ್ದನ್ನ ಕೇಳ್ಕೊಂಡು ಹೋಗಿ ಡಾಕ್ಟ್ರಿಗೆ ಹೇಳೋದೇ ನನ್ ಕೆಲ್ಸ” ಎಂದಳು. ಬೈದಿದ್ದರೆ ಪಟ್ಟಲಮ್ಮನಿಗೆ ಅಷ್ಟು ನೋಯುತ್ತಿರಲಿಲ್ಲ.

ಡಾಕ್ಟರು ಬಂದರು. ಪಟ್ಟಲಮ್ಮನನ್ನು ಕೂರಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿ.ಪಿ. ನೋಡಿದರು. ನಿಂತಾಗ ಅದು ದಡಕ್ಕನೆ ಇಳಿದಿತ್ತು. ಅವರು ಸಿಟ್ಟಾಗಲಿಲ್ಲ, ಕೈ ಹಿಡಿದು ಮೆಲ್ಲಗೆ ಮತ್ತೆ ಕೂರಿಸಿದರು. ಇಬ್ಬರಿಗೂ ಆ ಮಾತ್ರೆಯನ್ನು ಅಂದೇ ನಿಲ್ಲಿಸಿ, ನಾಗಶ್ರೀಯನ್ನು ಹೊರಗೆ ಕರೆದುಕೊಂಡು ಹೋದರು.

“ನನ್ ಸೊಂಟ ಹೆಂಗೂ ಮುರ್ದೋಗಿತ್ತು” ಎಂದಳು ಯಶೋದಮ್ಮ ಸೂರು ನೋಡುತ್ತ. “ಇನ್ನು ಮಗೀಗೆ ಏನಂತಾರೋ.”

ಪಟ್ಟಲಮ್ಮ ಬಾಗಿಲ ಕಡೆ ನೋಡಿದಳು. ಬಾಗಿಲಾಚೆ ನಾಗಶ್ರೀ ಆಗಲೇ ಫೋನು ಹಿಡಿದಿದ್ದಳು. ಆ ಮಾತ್ರೆ ನುಂಗುತ್ತಿದ್ದವರು ಮದ್ದೂರಿನ ಕಡೆಯೂ ಇದ್ದರು, ಮಳವಳ್ಳಿಯ ಕಡೆಯೂ ಇದ್ದರು.

“ಚಿಕ್ಕಬೋರಯ್ಯನವ್ರಾ? ನಾನು ನಾಗಶ್ರೀ. ನಿಂತಿದ್ರೆ ಮೊದ್ಲು ಕೂತ್ಕೊಳ್ಳಿ. ಕೂತ್ರಾ? ಎದ್ದಾಗ ಕಣ್ ಕತ್ಲೆ ಬರೋದು ಐತಾ? ನಂಗೋಸ್ಕರ ಮುಚ್ಚಿಡ್ಬೇಡಿ, ಇದ್ದದ್ ಹೇಳಿ.”

ಆ ಕಡೆಯವರು ಏನಂದರೋ ಪಟ್ಟಲಮ್ಮನಿಗೆ ಕೇಳಿಸಲಿಲ್ಲ. ನಾಗಶ್ರೀ ಗೋಡೆಗೆ ಒರಗಿ, “ಎಷ್ಟು ದಿನದಿಂದ?” ಎಂದದ್ದು ಮಾತ್ರ ಕೇಳಿಸಿತು.