ಸತ್ತಿದೆ ಅನ್ನುವ ಮುಂಚೆ ಹುಲ್ಲನ್ನು ಎಳೆದು ನೋಡಿ

ಬೇಸಿಗೆ ಮುಗಿದಿತ್ತು, ಚಳಿ ಇನ್ನೂ ಬಂದಿರಲಿಲ್ಲ. ಮಳೆಗಾಲ ಕಳೆದು ಎಲೆ ಉದುರುವ ಕಾಲ ಶುರುವಾದರೂ ಮಳೆಯ ಸುಳಿವೇ ಇಲ್ಲ. ವಸತಿ ಕಟ್ಟಡದ ಮುಂದಿನ ಹುಲ್ಲುಹಾಸು ಹಳೇ ಗೋಣಿಚೀಲದಂತೆ ಕಂದುಬಣ್ಣವಾಗಿತ್ತು. ನಿವಾಸಿಗಳ ಸಂಘದ ಕಾರ್ಯದರ್ಶಿ ಗೇಟಿಗೆ ಚೀಟಿ ಅಂಟಿಸಿಯೇಬಿಟ್ಟರು: ಹುಲ್ಲು ಸತ್ತಿದೆ, ಸೋಮವಾರ ಅಗೆದು ಸಿಮೆಂಟ್ ಹಾಕಿಸಲಾಗುವುದು.

ನೆಲಮಹಡಿಯ ಟೈಲರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಅವಳ ಅತ್ತೆಗೆ ಕಣ್ಣು ಮಂಜು. ಯಾರ ಕೈಯನ್ನೂ ಹಿಡಿಯದೆ ಅವರು ಓಡಾಡುವ ಜಾಗ ಅಂತಿದ್ದರೆ ಆ ಹುಲ್ಲುಹಾಸೊಂದೇ. ಬರಿಗಾಲಿಗೆ ಹುಲ್ಲು ತಗುಲುವವರೆಗೂ ನಡೆಯುವುದು, ಕಲ್ಲು ತಗುಲಿದರೆ ತಿರುಗುವುದು. ಸಿಮೆಂಟ್ ಬಿದ್ದರೆ ಅತ್ತೆ ಮನೆಯ ಮೂಲೆ ಹಿಡಿಯಬೇಕಿತ್ತು.

"ಅದು ಹೇಗೆ ಹಾಕ್ತಾರೋ ನಾನೂ ನೋಡ್ತೀನಿ!" ಎಂದು ಟೈಲರಮ್ಮ ಕತ್ತರಿ ಹಿಡಿದು ಹುಲ್ಲಿನ ಅಂಚಿನಲ್ಲಿ ಕೂತಳು. ಒಪ್ಪವಾಗಿ ಕಂಡರೆ ಸಂಘದವರ ಬಾಯಿ ಮುಚ್ಚುತ್ತದೆ ಎಂದು ಅವಳ ನಂಬಿಕೆ. ದಾರದ ತುದಿ ಕತ್ತರಿಸುವಂತೆ ಹುಲ್ಲನ್ನು ಬುಡಕ್ಕೇ ಕತ್ತರಿಸತೊಡಗಿದಳು. ನೀರು ಹಾಕುವುದೂ ಹಾಗೇ. ಇಸ್ತ್ರಿಗೆ ಮುಂಚೆ ಬಟ್ಟೆಗೆ ಚಿಮುಕಿಸಿದಂತೆ ದಿನಾ ಸಂಜೆ ಒಂದಿಷ್ಟು.

ಪಕ್ಕದ ಶಾಲೆಯ ತೋಟ ನೋಡಿಕೊಳ್ಳುವ ತೋಟದಕ್ಕ ಬೇಲಿಯಾಚೆಯಿಂದ ಕೂಗಿದಳು. "ಅಯ್ಯೋ, ಕತ್ತರಿ ಕೆಳಗಿಡಮ್ಮ ತಾಯಿ! ಸಿಮೆಂಟಿನೋರು ಬರೋದೇ ಬೇಡ, ನೀನೇ ಮುಗಿಸಿಬಿಡ್ತೀಯ."

"ನಿಂದು ಹಸಿರಾಗಿದೆ, ಮಾತಾಡ್ತೀಯ. ನಾನೇನು ನೀರು ಹಾಕ್ತಿಲ್ವಾ?"

"ಅದನ್ನ ನೀರು ಹಾಕೋದು ಅಂತಾರಾ? ಬೆರಳು ಚುಚ್ಚಿ ನೋಡು."

ಚುಚ್ಚಿದಳು. ಮೇಲೆ ಉಗುರಿನಷ್ಟು ಒದ್ದೆ, ಕೆಳಗೆ ಕಲ್ಲು.

"ಮೇಲೆ ಮೇಲೆ ಚಿಮುಕಿಸಿದ್ರೆ ಬೇರು ಕೆಳಗಿಳಿಯೋದೇ ಇಲ್ಲ. ವಾರಕ್ಕೆ ಒಂದ್ಸಲ, ಹೆಚ್ಚಂದ್ರೆ ಎರಡ್ಸಲ ಹಾಕು. ಬೆಳಗ್ಗೆ ಬಿಸಿಲೇರೋ ಮುಂಚೆ, ಅರ್ಧ ಗೇಣಾದ್ರೂ ಇಳಿಯೋ ಹಾಗೆ. ಹುಲ್ಲು ಬೆರಳುದ್ದ ಇರ್ಲಿ, ಅದರ ನೆರಳೇ ಬುಡಕ್ಕೆ ತಂಪು. ಗೊಬ್ಬರ ಮಾತ್ರ ಈಗ ಬೇಡ, ಒಣಗಿದ ಬೇರನ್ನ ಸುಟ್ಟುಬಿಡುತ್ತೆ."

"ಸತ್ತ ಹುಲ್ಲಿಗೆ ಇಷ್ಟೆಲ್ಲ ಉಪಚಾರ ಯಾಕಕ್ಕ?"

"ಸತ್ತಿದೆ ಅಂದೋರ್ಯಾರು? ಒಂದು ಹಿಡಿ ಎಳಿ. ಸಲೀಸಾಗಿ ಬುಡಸಮೇತ ಬಂದ್ರೆ ಸತ್ತಿದೆ. ಬರ್ದೇ ಇದ್ರೆ ಮಲಗಿದೆ, ಅಷ್ಟೆ."

ಕತ್ತರಿ ತಾಗದ ಕಡೆ ಟೈಲರಮ್ಮ ಎಳೆದಳು. ಜಪ್ಪಯ್ಯ ಅಂದರೂ ಬರಲಿಲ್ಲ. "ಥೇಟ್ ನನ್ನ ಥರಾನೇ ಇದೆ" ಎಂದು ನಕ್ಕಳು.

ಸೋಮವಾರ ಗುದ್ದಲಿಯವರು ಬಂದರು. ದಾರಿಗೆ ಅಡ್ಡವಾಗಿ ಹೊಲಿಗೆ ಮಷೀನ್ ಇಟ್ಟುಕೊಂಡು ಟೈಲರಮ್ಮ ಪೆಡಲ್ ತುಳಿಯುತ್ತಿದ್ದಳು. ಸೂಜಿಯ ಕೆಳಗಿದ್ದದ್ದು ಕಾರ್ಯದರ್ಶಿಯದೇ ಪ್ಯಾಂಟು.

"ಏಳಮ್ಮ, ಕೆಲಸ ಆಗ್ಬೇಕು" ಎಂದರು ಕಾರ್ಯದರ್ಶಿ.

"ಏಳಲ್ಲ! ಸತ್ತಿದೆ ಅಂತ ಬರೆದೋರು ನೀವು ತಾನೆ? ಒಂದೇ ಒಂದು ಹಿಡಿ ಬುಡಸಮೇತ ಕಿತ್ತು ತೋರಿಸಿ. ಮಷೀನ್ ನಾನೇ ಎತ್ಕೊಂಡು ಹೋಗ್ತೀನಿ."

ಕಾರ್ಯದರ್ಶಿ ಒಂದು ಕೈಯಲ್ಲಿ ಎಳೆದರು. ಆಮೇಲೆ ಎರಡೂ ಕೈ ಹಾಕಿದರು. ಮುಖ ಕೆಂಪಾಯಿತೇ ಹೊರತು ಕೈಗೆ ಬಂದದ್ದು ನಾಲ್ಕು ಒಣ ಎಳೆ. ಹರಿದಲ್ಲಿ ಬುಡ ಬೆಳ್ಳಗೆ, ಗಟ್ಟಿಯಾಗಿತ್ತು. ಗುದ್ದಲಿಯವರು ನಗು ತಡೆಯಲಾರದೆ ಬೆನ್ನು ತಿರುಗಿಸಿದರು.

"ಒಂದು ತಿಂಗಳು ನೋಡೋಣ. ಆಮೇಲೂ ಹೀಗೇ ಇದ್ರೆ…" ಎಂದರು ಕಾರ್ಯದರ್ಶಿ.

"ಇದ್ರೆ ನನ್ನನ್ನ ಕೇಳಿ!"

ಆ ತಿಂಗಳು ಟೈಲರಮ್ಮ ಕತ್ತರಿಯನ್ನು ಬಟ್ಟೆಗಷ್ಟೇ ಮುಟ್ಟಿದಳು. ವಾರಕ್ಕೊಮ್ಮೆ ಬೆಳಗ್ಗೆ ಆಳಕ್ಕೆ ಇಳಿಯುವಂತೆ ನೀರು ಬಿಟ್ಟಳು. ಒಣಹುಲ್ಲು ತುಳಿತ ತಾಳದು ಎಂದು ಅತ್ತೆಯನ್ನೂ ಇಳಿಯಗೊಡಲಿಲ್ಲ. ಅತ್ತೆ ದಿನಾ ಬೈದರು, ಇವಳು ದಿನಾ ಬೈಸಿಕೊಂಡಳು. ನಾಲ್ಕನೇ ವಾರ ಕೈಹಿಡಿದು ಕರೆತಂದು, ಅಂಚಿನಲ್ಲಿ ಕೈಬಿಟ್ಟಳು. ಹುಲ್ಲು ಚಿಗುರಿತ್ತು, ಆದರೆ ಮಂಜುಗಣ್ಣಿನ ಅತ್ತೆಗೆ ಆ ಹಸಿರು ಕಾಣಲಿಲ್ಲ. ಎರಡು ಹೆಜ್ಜೆ ಇಟ್ಟು ನಿಂತರು.

"ಏನೇ ಇದು, ಕಾಲಿಗೆ ಕಚಗುಳಿ ಇಡ್ತಿದೆ!" ಎಂದು ಒಬ್ಬರೇ ಮುಂದೆ ನಡೆದರು. ಟೈಲರಮ್ಮನಿಗೆ ಕಣ್ಣು ತುಂಬಿ ಬಂತು.

ನಿಮ್ಮ ಅಂಗಳದ ಹುಲ್ಲೂ ಒಣಗಿದೆಯೇ? ಅಗೆಯಿರಿ ಅನ್ನುವವರ ಮಾತಿಗೆ ತಲೆಯಾಡಿಸಬೇಡಿ. ವಾರಕ್ಕೊಮ್ಮೆ ಆಳಕ್ಕೆ ನೀರು ಕೊಡಿ, ಬುಡಕ್ಕೆ ಕತ್ತರಿ ಹಾಕಬೇಡಿ, ತುಳಿಯದೆ ಕಾಯಿರಿ. ಯಾರಾದರೂ ಸತ್ತಿದೆ ಎಂದರೆ ನೀವೂ ಹೇಳಿ: "ಎಲ್ಲಿ, ಕಿತ್ತು ತೋರಿಸಿ!"