ಮೀನುಸಾರಿನ ಮಂಜು

೧
ಛಾಯಾಗ್ರಾಹಕನೊಬ್ಬನ ಕಥೆಯನ್ನು ಎಲ್ಲಿಂದ ಶುರುಮಾಡುವುದು? ಹುಟ್ಟಿನಿಂದ ಎಂದರೆ ನೀವು ಆಕಳಿಸುತ್ತೀರಿ. ಕ್ಯಾಮೆರಾದಿಂದ ಎಂದರೆ ನನಗೆ ಅದರ ತಲೆಬುಡ ತಿಳಿಯದು. ಹಾಗಾಗಿ ಸಾರಿನಿಂದ ಶುರುಮಾಡುತ್ತೇನೆ.

೨
ಬುಡಾಪೆಸ್ಟಿನಲ್ಲಿ ನಮ್ಮ ಪಕ್ಕದ ಮನೆಯ ಜೊಲ್ಡೋಶ್ ಬರ್ನಬಾಶ್‌ಗೆ ಈಗ ಎಪ್ಪತ್ತೊಂಬತ್ತು. ಇಪ್ಪತ್ತಾರು ಸಿನಿಮಾಗಳಿಗೆ ಕ್ಯಾಮೆರಾ ಹಿಡಿದಿದ್ದಾನೆ. ಜನ ನೆನಪಿಟ್ಟುಕೊಂಡಿರುವುದು ಒಂದೇ ಒಂದು ಶಾಟ್. ತಿಸಾ ನದಿಯ ದಡದಲ್ಲಿ ಮುದುಕಿಯೊಬ್ಬಳು ದೋಣಿಗಾಗಿ ಕಾಯುತ್ತಿರುತ್ತಾಳೆ, ಎಲ್ಲಿಂದಲೋ ಮಂಜು ಬಂದು ಅವಳನ್ನು ಮೆಲ್ಲಗೆ ಅಳಿಸಿಬಿಡುತ್ತದೆ. 'ಬಾಯಿ ಕಟ್ಟಿದ ದೇಶದ ನಿಟ್ಟುಸಿರು' ಎಂದರು ವಿಮರ್ಶಕರು. (ನಾನೂ ಒಂದು ಲೇಖನ ಬರೆದಿದ್ದೆ. ದಯವಿಟ್ಟು ಹುಡುಕಬೇಡಿ.)

ಅದು ಮಂಜೇ ಅಲ್ಲ. ಅವನ ಹೆಂಡತಿ ಪಿರೋಶ್ಕ ಕ್ಯಾಮೆರಾದ ಪಕ್ಕದಲ್ಲೇ ತಂಡದವರಿಗೆ ಮೀನುಸಾರು ಕುದಿಸುತ್ತಿದ್ದಳು. ಆ ಸಾರಿಗೆ ಸೌಟು ಹಾಕಿ ಕಲಕುವಂತಿಲ್ಲ, ಮೀನು ಪುಡಿಯಾಗುತ್ತದೆ, ಕೊಪ್ಪರಿಗೆಯನ್ನೇ ತಿರುಗಿಸಬೇಕು. ತಿರುಗಿಸಿದಳು. ಹಬೆ ಲೆನ್ಸಿಗೆ ಹತ್ತಿತು.

೩
ನಾಳೆ ಅವನಿಗೆ ಜೀವಮಾನದ ಸಾಧನೆಯ ಪ್ರಶಸ್ತಿ. ವೇದಿಕೆಯ ಮೇಲೆ ಸಾರಿನ ವಿಷಯ ಹೇಳದಿದ್ದರೆ ತಾನು ಸಭೆಗೇ ಬರುವುದಿಲ್ಲವೆಂದು ಪಿರೋಶ್ಕ ಹಟ ಹಿಡಿದಿದ್ದಾಳೆ. ಆ ಶಾಟ್ ಆದಮೇಲೆ ನಲವತ್ತೆರಡು ವರ್ಷ ಬಾಯಿ ಬಿಡದವಳು. ಹೇಳಿಬಿಟ್ಟರೆ ತನ್ನ ಇಡೀ ಬದುಕೇ ಒಂದು ಆಕಸ್ಮಿಕ ಅಂತಾಗುತ್ತದೆ ಎಂಬುದು ಅವನ ಹೆದರಿಕೆ. ಅವಳಿಲ್ಲದ ಸಭೆಯೂ ಅವನಿಗೆ ಬೇಡ.

೪
ಮೊದಲ ಅಂತ್ಯ: ಅವನು ಹೇಳುತ್ತಾನೆ, ಸಭೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತದೆ. ಬರೆದು ತೋರಿಸಿದೆ. "ಇಷ್ಟು ಸಸ್ತಾ ಲೈಟಿಂಗಲ್ಲಿ ನಾನು ಕೆಲಸ ಮಾಡಲ್ಲ," ಎಂದ.

ಎರಡನೆಯದು: ಅವಳು ತೀರಿಹೋಗುತ್ತಾಳೆ, ಅವನು ಪಶ್ಚಾತ್ತಾಪ ಪಡುತ್ತಾನೆ. ಈ ಸಲ ಪಿರೋಶ್ಕಳೇ ಹಾಳೆ ಕಿತ್ತುಕೊಂಡಳು.

"ಸಾರು ಮಾಡಿದ್ದೂ ನಾನು, ಸಾಯೋದೂ ನಾನೇನಾ?"

ಎರಡನ್ನೂ ಹರಿದೆ.

೫
(ಬೇರೆ ದಾರಿ ಕಾಣದೆ ಅವರ ಅಡುಗೆಮನೆಯಲ್ಲೇ ಕೂತು ಬರೆಯುತ್ತಿದ್ದೇನೆ.) ಪಿರೋಶ್ಕ ಒಲೆಯ ಮೇಲಿನ ಪಾತ್ರೆಯನ್ನು ಎರಡೂ ಕೈಯಿಂದ ಹಿಡಿದು ತಿರುಗಿಸಿದಳು. ಪಕ್ಕದಲ್ಲಿ ಭಾಷಣ ಓದುತ್ತಿದ್ದ ಬರ್ನಬಾಶನ ಕನ್ನಡಕ ಮಸುಕಾಯಿತು. ಒರೆಸಿಕೊಳ್ಳಲಿಲ್ಲ. ಆ ಮಸುಕಿನಲ್ಲೇ ಅವಳ ಕಡೆ ತಿರುಗಿದ.

"ಅವತ್ತು ಡೈರೆಕ್ಟರು ಕಟ್ ಅನ್ನೋಕೆ ಬಾಯಿ ತೆಗೆದ. ನಾನು ಅವನ ಬಾಯಿ ಮುಚ್ಚಿ ಹಿಡಿದೆ," ಎಂದ. "ಹಬೆ ನಿಂದು, ಪಿರೋಶ್ಕ. ಕ್ಯಾಮೆರಾ ನಿಲ್ಲಿಸದೆ ಇದ್ದಿದ್ದು ನಂದು. ಹೀಗಂತ ಹೇಳಿದ್ರೆ ಬರ್ತೀಯಾ?"

ಅವಳು ಸೌಟು ಚಾಚಿದಳು. "ಮೊದಲು ಉಪ್ಪು ನೋಡು."

೬
ಇಲ್ಲಿ ಕಟ್ ಎನ್ನಬೇಕಾದವನು ನಾನು. ನಾಳೆ ಸಭೆಯ ಮೊದಲ ಸಾಲಿನ ಕುರ್ಚಿಯಲ್ಲಿ ಅವಳು ಕೂರುತ್ತಾಳೋ ಇಲ್ಲವೋ ಎಂದು ಬರೆದರೆ ಕಥೆ ಮುಗಿಯುತ್ತದೆ. ನನಗೂ ಮುಗಿಸುವ ಆಸೆಯೇ. ಆದರೆ ಏನು ಮಾಡಲಿ, ಬರ್ನಬಾಶ್ ಹಿಂದಿನಿಂದ ಬಂದು ನನ್ನ ಬಾಯಿ ಮುಚ್ಚಿ ಹಿಡಿದಿದ್ದಾನೆ.